ಒಂದು ಕ್ಲಾಸು, ಐದು ಫೈಲು

ಗಲ್ಫಿನಲ್ಲಿ, ಡಿಪ್ಲೊಮ್ಯಾಟಿಕ್ ಏರಿಯಾದ ನಮ್ಮ ಆಫೀಸಿನಲ್ಲಿ ಒಂದು ಕೆಂಪು ಫ್ಲಾಪಿ ಇತ್ತು. ಅದು ಯಾರ ಮೇಜಿನ ಮೇಲಿದೆಯೋ ಅವರು ಮಾತ್ರ ಪ್ರೋಗ್ರಾಂ ತಿದ್ದಬಹುದು. ಬಂದರಿನ ಸರಕಿನ ಲೆಕ್ಕಕ್ಕಾಗಿ ಅದನ್ನು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆಯುತ್ತಿದ್ದೆವು. ಕಂಟೇನರಿನ ಎಲ್ಲ ವಿವರ, ಎಲ್ಲ ಕೆಲಸ ‘ಕಂಟೇನರ್’ ಎಂಬ ಒಂದೇ ಕ್ಲಾಸಿನಲ್ಲಿ, ಆ ಕ್ಲಾಸು ಒಂದೇ ಫೈಲಿನಲ್ಲಿ, ಒಂಬತ್ತು ಸಾವಿರ ಸಾಲು! ನಾಲ್ವರಲ್ಲಿ ಒಬ್ಬರು ತಿದ್ದುವಾಗ ಮೂವರು ಮುಖ ಮುಖ ನೋಡುತ್ತ ಕೂರಬೇಕು. ೧೯೯೬ರ ರಂಜಾನ್ ಬೇರೆ. ಚಹಾ ಕುಡಿದು ಹೊತ್ತು ಕಳೆಯುವಂತೆಯೂ ಇಲ್ಲ, ಎರಡಕ್ಕೆ ಆಫೀಸು ಬಂದ್.

ಡಾಟಾ ಎಂಟ್ರಿಯಿಂದ ಮೇಲೆ ಬಂದು ನನಗೆ ಆರೇ ತಿಂಗಳು. ಆದರೂ ಸುಮ್ಮನಿರಲಾಗದೆ, ಕ್ಲಾಸನ್ನು ಐದು ಫೈಲಿಗೆ ಹಂಚಿದರೆ ಎಲ್ಲರೂ ಒಟ್ಟಿಗೆ ಬರೆಯಬಹುದು ಎಂದೆ.

“ಎಂತ ಮಾರಾಯ್ತಿ, ತುಂಡು ಮಾಡಿದ್ರೆ ಅದು ಬದುಕ್ತದಾ?” ಎಂದರು ಕಿನ್ನಿಗೋಳಿಯ ಕಜೆಟನ್ ಸರ್, ನಮ್ಮ ಹಿರಿಯ ಪ್ರೋಗ್ರಾಮರ್.

ಮಾಲೀಕ ಯೂಸುಫ್ ಕೇಳಿಸಿಕೊಂಡರು. ಮಾಡಿ ನೋಡು, ಶನಿವಾರ ಗಿರಾಕಿಗೆ ತೋರಿಸಬೇಕು, ಓಡದಿದ್ದರೆ ನೀನು ಪುನಃ ಟೈಪಿಂಗಿಗೆ, ಖಲಾಸ್ ಎಂದರು. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು.

ಕ್ಲಾಸಿನಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಒಂದು ಹೆಡರ್ ಫೈಲಿಗೆ ಹಾಕಿದೆ. ಆ ಕೆಲಸಗಳನ್ನು ಮಾಡುವ ಬಗೆಯನ್ನು ನಾಲ್ಕು ಫೈಲು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೆ. ಫೈಲಿನ ಮೇಲೆ ಹೆಡರಿನ ಹೆಸರು ಬರೆದರೆ ಸಾಕು, ಪಟ್ಟಿ ತಾನಾಗಿ ಸಿಗುತ್ತದೆ ಎಂದೆ. ಬುಧವಾರ ನಾಲ್ಕು ಕೀಬೋರ್ಡುಗಳು ಒಟ್ಟಿಗೆ ಟಕಟಕ ಎಂದವು.

ಶನಿವಾರ ಬೆಳಿಗ್ಗೆ ಎಲ್ಲ ಜೋಡಿಸಿ ಓಡಿಸಿದರೆ, ತೂಕದ ಜಾಗದಲ್ಲಿ ಏನೇನೋ ಅಂಕೆ! ಮರುಕ್ಷಣ ಪ್ರೋಗ್ರಾಂ ಮಗುಚಿಬಿತ್ತು.

“ನಾನು ಹೇಳ್ಲಿಲ್ವಾ?” ಎಂದರು ಕಜೆಟನ್ ಸರ್.

ಗಿರಾಕಿ ಬರಲು ಎರಡು ಗಂಟೆಯಿತ್ತು. ಹಲ್ಲು ಕಚ್ಚಿಕೊಂಡು ಒಂದೊಂದೇ ಫೈಲು ತೆರೆದೆ. ಕಜೆಟನ್ ಸರ್ ಅವರ ಫೈಲಿನಲ್ಲಿ ಹೆಡರಿನ ಹೆಸರೇ ಇಲ್ಲ. ಇಡೀ ಪಟ್ಟಿಯನ್ನೇ ನಕಲು ಮಾಡಿ ಮೇಲೆ ಅಂಟಿಸಿದ್ದರು, ನಡುವೆ ಹೊಸದೊಂದು ವಿವರವನ್ನೂ ಸೇರಿಸಿದ್ದರು. ಅವರ ಕಂಟೇನರೇ ಬೇರೆ, ನಮ್ಮ ಮೂವರದೇ ಬೇರೆ. ಅದರ ಕೆಳಗಿನ ವಿವರಗಳೆಲ್ಲ ಜಾಗ ಜರುಗಿ, ತೂಕವಿರಬೇಕಾದಲ್ಲಿ ಇನ್ನೇನೋ ಬಂದಿತ್ತು.

“ಸರ್, ಇದೆಂತ?”

“ಎಲ್ಲ ಒಂದೇ ಕಡೆ ಕಣ್ಣೆದುರು ಇರ್ಲಿ ಅಂತ...”

“ಪಟ್ಟಿ ಒಂದೇ ಇರ್ಬೇಕು ಸರ್. ಹಂಚುವುದು ಕೆಲಸವನ್ನು ಮಾತ್ರ.”

ನಕಲನ್ನು ಅಳಿಸಿದೆ, ಅವರ ಹೊಸ ವಿವರವನ್ನು ಹೆಡರಿಗೆ ಸೇರಿಸಿದೆ, ಎಲ್ಲ ಫೈಲುಗಳನ್ನೂ ಮತ್ತೆ ಕಂಪೈಲ್ ಮಾಡಿದೆ. ಓಡಿತು! ತೂಕ ಸರಿ, ನಂಬರು ಸರಿ, ಎಲ್ಲ ಸರಿ.

ಬಂದ ಗಿರಾಕಿ ನೋಡುತ್ತ ನೋಡುತ್ತ ಎರಡು ಬದಲಾವಣೆ ಕೇಳಿದರು. ಒಂದನ್ನು ಕಜೆಟನ್ ಸರ್, ಇನ್ನೊಂದನ್ನು ನಾನು, ಒಟ್ಟಿಗೇ ತಿದ್ದಿ ಅವರೆದುರೇ ಓಡಿಸಿದೆವು. ಹೀಗೆ ಜೋಡಿಸಿದ್ದು ಯಾರು ಎಂದು ಅವರು ಬೆರಗಾಗಿ ಕೇಳಿದಾಗ ಯೂಸುಫ್ ಬಾಯಿ ತೆರೆಯುವ ಮೊದಲೇ ಕಜೆಟನ್ ಸರ್ ಎದ್ದು ನಿಂತರು.

“ಈ ವಿನೋದಾ. ನಮ್ಮ ಪ್ರೋಗ್ರಾಮರ್.”