ಪೈಲಟ್ ಬರೆದುಕೊಟ್ಟ ಮೂವತ್ತೊಂದು ಸೂಚನೆ

ಅವನಿಗೆ ಪೈಲಟ್ ಎಂದು ಹೆಸರು ಬಿದ್ದದ್ದು ವಿಮಾನ ಓಡಿಸಿದ್ದಕ್ಕಲ್ಲ. ನೀರಿನ ಪಂಪು ಮಾರುವ ಕಂಪನಿಯಲ್ಲಿ ಕೆಲಸ. ಅದರ ನೆಪದಲ್ಲಿ ಹನ್ನೊಂದು ಸಲ ವಿಮಾನ ಹತ್ತಿದ್ದ, ಆ ಹನ್ನೊಂದು ಸಲದ ಪುರಾಣವನ್ನು ಬೀದಿಯವರೆಲ್ಲ ಕಿವಿ ತೂತಾಗುವಷ್ಟು ಕೇಳಿದ್ದರು. ಯಾರೋ ಪ್ರಯಾಣಕ್ಕೆ ಪೆಟ್ಟಿಗೆ ಜೋಡಿಸುತ್ತಿದ್ದಾರೆ ಎಂಬ ಸುದ್ದಿ ಬಿದ್ದರೆ ಸಾಕು, ಕರೆಯುವ ಗೋಜೇ ಇಲ್ಲ, ಪೈಲಟ್ ಹಾಜರ್.

ಈ ಪುರಾಣಕ್ಕೆ ಕಾಯಂ ಶ್ರೋತೃ ಅವನ ಹೆಂಡತಿ. ಅಚ್ಚುಮನೆಯಲ್ಲಿ ಕರಡು ತಿದ್ದುವ ಕೆಲಸ ಅವಳದು. ಹಗಲೆಲ್ಲ ಬಾಯಿ ಮುಚ್ಚಿಕೊಂಡು ಬೇರೆಯವರ ತಪ್ಪು ಹುಡುಕುವುದು, ಮನೆಗೆ ಬಂದ ಮೇಲೆ ಬಾಯಿ ಮುಚ್ಚಿಕೊಂಡು ತನ್ನ ತಪ್ಪು ಕೇಳಿಸಿಕೊಳ್ಳುವುದು. ಹೀಗೆ ಮೂವತ್ತು ವರ್ಷ ಕಳೆದಿತ್ತು. ಅವಳು ಒಂದು ಸಲವೂ ವಿಮಾನ ಹತ್ತಿರಲಿಲ್ಲ.

ಹತ್ತುವ ಪ್ರಸಂಗ ಬಂದದ್ದು ಅಕ್ಕನ ಫೋನಿನಿಂದ. ಅಕ್ಕ ಅವಳಿಗಿಂತ ಹನ್ನೆರಡು ವರ್ಷ ದೊಡ್ಡವಳು, ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿ ಬೆಳೆಸಿದವಳು. ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅವಳು ನಕ್ಕರೆ ಆಚೆಗಿನ ಮೂರು ಕ್ಲಾಸುಗಳಿಗೆ ಕೇಳುತ್ತಿತ್ತು. ಈಗ ಅದೇ ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಬೇಕು, ಜೀವಕ್ಕೆ ಅಪಾಯವಿಲ್ಲ, ಮಾತು ಮಾತ್ರ ಇರುವುದಿಲ್ಲ ಎಂದಿದ್ದರು ಡಾಕ್ಟರು.

"ಪಿಟೀಲೂ," ಎಂದಳು ಅಕ್ಕ. ಚಿಕ್ಕಂದಿನಲ್ಲಿ ತಂಗಿ ಕುಯ್ಯೋ ಎಂದು ಎಳೆದೆಳೆದು ಅಳುತ್ತಿದ್ದದ್ದಕ್ಕೆ ಅವಳೇ ಇಟ್ಟ ಹೆಸರು. "ಬುಧವಾರ ಮಧ್ಯಾಹ್ನ ಎರಡಕ್ಕೆ ಆಪರೇಷನ್. ಅಷ್ಟರೊಳಗೆ ಬಂದ್ಬಿಡು. ನಿನಗೊಂದು ಮಾತು ಹೇಳೋದಿದೆ."

"ಈಗ್ಲೇ ಹೇಳಕ್ಕಾ."

"ಫೋನಲ್ಲಿ ಹೇಳೋ ಮಾತಲ್ಲ. ಎದುರಿಗೆ ಕೂತ್ಕೋ, ನಿನ್ನ ಮುಖ ನೋಡ್ಕೊಂಡು ಹೇಳ್ತೀನಿ."

"ಹೆಚ್ಚುಕಮ್ಮಿ ಆದ್ರೆ ಬರೆದಾದ್ರೂ ಇಡು."

"ಬರೆದ್ರೆ ನೀನು ಕೆಂಪು ಪೆನ್ನು ಹಿಡ್ಕೊಂಡು ತಿದ್ದೋಕೆ ಕೂರ್ತೀಯ ಕಣೇ! ಇದು ನನ್ನ ಬಾಯಿಂದಾನೇ ಬರ್ಬೇಕು." ಅಕ್ಕ ನಕ್ಕಳು. ಆ ನಗು ಆಗಲೇ ಅರ್ಧ ಒಡೆದಿತ್ತು.

ರೈಲಿನಲ್ಲಿ ಎರಡು ದಿನದ ದಾರಿ, ರೈಲಿಗೆ ಸೀಟೂ ಇರಲಿಲ್ಲ. ಬುಧವಾರ ಬೆಳಿಗ್ಗೆ ಒಂಬತ್ತೂವರೆಯ ವಿಮಾನ ಹತ್ತಿದರೆ ಹನ್ನೆರಡರ ಹೊತ್ತಿಗೆ ಆಸ್ಪತ್ರೆ. ಪೈಲಟ್ಟಿಗೆ ಅಂದೇ ಮಾರಾಟದವರ ಸಭೆ, ಜೊತೆಗೆ ಬರುವ ಹಾಗಿರಲಿಲ್ಲ. ಬದಲಿಗೆ ಮೂವತ್ತೊಂದು ಸೂಚನೆಗಳನ್ನು ಟೈಪು ಮಾಡಿ ಕೊಟ್ಟ.

"ಇದರಲ್ಲಿರೋ ಹಾಗೆ ಮಾಡು. ನಿನ್ನ ಸ್ವಂತ ಬುದ್ಧಿ ಏನೂ ಉಪಯೋಗಿಸ್ಬೇಡ," ಎಂದ.

ಅಭ್ಯಾಸಬಲ, ಓದುತ್ತ ಓದುತ್ತ ಅವಳು ಪೆನ್ಸಿಲಿನಲ್ಲಿ ಮೂರು ಕಾಗುಣಿತ ತಿದ್ದಿದಳು. ವಿಷಯಕ್ಕೆ ಕೈಹಚ್ಚಲಿಲ್ಲ.

ಮತ್ತೆ, ಸುಳ್ಳು ಹೇಳಬಾರದು, ಪಟ್ಟಿ ಚೆನ್ನಾಗಿಯೇ ಇತ್ತು. ಲೇಸಿನ ಬೂಟು ಬೇಡ, ಚಪ್ಪಲಿ ಹಾಕಿಕೋ ಎಂದಿದ್ದ, ತಪಾಸಣೆಯಲ್ಲಿ ಬೇರೆಯವರು ಬಗ್ಗಿ ಒದ್ದಾಡುತ್ತಿದ್ದಾಗ ಇವಳು ಸಲೀಸಾಗಿ ದಾಟಿದಳು. ಟಿಕೆಟ್ಟು, ಗುರುತಿನ ಚೀಟಿ ಒಂದೇ ಚೀಲದಲ್ಲಿರಲಿ ಎಂದಿದ್ದ, ಕೇಳಿದ ಕಡೆಯೆಲ್ಲ ತಕ್ಷಣ ಸಿಕ್ಕವು. ನೀರಿನ ಬಾಟಲಿ ಖಾಲಿ ಒಯ್ದು ಒಳಗೆ ತುಂಬಿಸಿಕೋ ಎಂದಿದ್ದ, ಅದೂ ಆಯಿತು. ಒಂದೊಂದೂ ಸರಿಹೋದ ಹಾಗೆಲ್ಲ ಅವಳಿಗೆ ಉಳಿದದ್ದರ ಮೇಲೆ ನಂಬಿಕೆ ಗಟ್ಟಿಯಾಗುತ್ತ ಹೋಯಿತು.

ಹತ್ತೊಂಬತ್ತನೆಯದು: ಬೋರ್ಡಿಂಗ್ ಚೀಟಿಯಲ್ಲಿ ಬರೆದ ಗೇಟಿನ ಎದುರಿಗೇ ಕೂರುವುದು, ಅಲ್ಲಿಂದ ಅಲುಗಾಡಬಾರದು. ಇಪ್ಪತ್ತನೆಯದು: ಯಾರನ್ನೂ ಏನೂ ಕೇಳಬಾರದು, ಮೊದಲನೆ ಸಲದವಳೆಂದು ಗೊತ್ತಾದರೆ ಮೋಸ ಮಾಡುತ್ತಾರೆ, ಮಾತಾಡಿಸಿದರೂ ಮಾತಾಡಬಾರದು.

ಏಳನೆಯ ಗೇಟಿನ ಎದುರು, ಬಾಗಿಲಿಗೆ ಮುಖ ಮಾಡಿ, ಎಂಟು ಗಂಟೆಗೇ ಕೂತಳು. ಅದು ಕೂಗಿ ಕರೆಯದ ನಿಲ್ದಾಣ. ಸುದ್ದಿಯೆಲ್ಲ ಪರದೆಯ ಮೇಲೆ, ಆ ಪರದೆ ಇದ್ದದ್ದು ಅವಳ ಬೆನ್ನ ಹಿಂದಿನ ಕಂಬದ ಆಚೆಗೆ. ಎಂಟೂಮುಕ್ಕಾಲಿಗೆ ಸುತ್ತಲಿನವರು ಒಬ್ಬೊಬ್ಬರಾಗಿ ಎದ್ದರು. ಕಾಫಿಗೆ ಹೋಗುತ್ತಿರಬೇಕು ಅಂದುಕೊಂಡಳು. ಪಕ್ಕದಲ್ಲಿ ಹೆಣೆಯುತ್ತ ಕೂತಿದ್ದ ಹೆಂಗಸು ಉಲ್ಲನ್ನು ಚೀಲಕ್ಕೆ ತುರುಕಿ ಎದ್ದು ನಿಂತು, "ನೀವೂ ಒಂಬತ್ತೂವರೆದಕ್ಕೇನಾ?" ಎಂದು ಕೇಳಿದಳು.

ಇಪ್ಪತ್ತನೆಯ ಸೂಚನೆ. ಅವಳು ಚೀಲವನ್ನು ಎದೆಗವಚಿಕೊಂಡು ಆ ಕಡೆ ಮುಖ ತಿರುಗಿಸಿದಳು. ಹೆಂಗಸು ಒಂದು ಗಳಿಗೆ ಕಾದಳು. ಆಮೇಲೆ ನಿಮ್ಮಿಷ್ಟ ಎನ್ನುವ ಹಾಗೆ ಹೊರಟುಹೋದಳು.

ಒಂಬತ್ತೂಕಾಲಾಯಿತು. ಗೇಟಿನ ಮುಂದೆ ಅವಳೊಬ್ಬಳೇ. ಆದರೂ ಏಳಲಿಲ್ಲ. ನೆಲ ಒರೆಸುತ್ತ ಬಂದವನು ಅವಳ ಕಾಲ ಬಳಿ ಬಂದು ಕೋಲು ನಿಲ್ಲಿಸಿದ.

"ಇಲ್ಯಾಕೆ ಕೂತಿದ್ದೀರಮ್ಮಾ? ಈ ಗೇಟು ಸಂಜೆವರೆಗೂ ತೆರೆಯಲ್ಲ. ಒಂಬತ್ತೂವರೆದು ಹದಿನೆಂಟನೇ ಗೇಟಿಗೆ ಹೋಗಿ ಆಗ್ಲೇ ಅರ್ಧ ಗಂಟೆ ಆಯ್ತಲ್ಲ!"

ಎದ್ದೆನೋ ಬಿದ್ದೆನೋ ಎಂದು ಓಡಿದಳು. ಹದಿನೆಂಟನೆಯ ಗೇಟಿನಲ್ಲಿ ಗಾಜಿನ ಬಾಗಿಲು ಮುಚ್ಚಿತ್ತು. ಆಚೆ ವಿಮಾನ ಇನ್ನೂ ನಿಂತೇ ಇತ್ತು, ಕಿಟಕಿಯಲ್ಲಿ ತಲೆಗಳು ಕಾಣುತ್ತಿದ್ದವು.

"ಮುಚ್ಚಿದ ಮೇಲೆ ತೆಗೆಯೋ ಹಾಗಿಲ್ಲ ಮೇಡಂ," ಎಂದಳು ಸಿಬ್ಬಂದಿಯ ಹುಡುಗಿ. "ಇನ್ನು ಮಧ್ಯಾಹ್ನ ಮೂರು ಗಂಟೆದೇ."

ಅಕ್ಕನಿಗೆ ಮಾಡಬೇಕಾದ ಫೋನನ್ನು ಅವಳು ಮೊದಲು ಗಂಡನಿಗೆ ಮಾಡಿದಳು. ಮೂವತ್ತು ವರ್ಷದ ರೂಢಿ ಅದು, ಬೆರಳು ತಾನಾಗಿ ಹೋಯಿತು.

"ಗೇಟು ಬದಲಾಯ್ತು ಅಂತ ಗೊತ್ತಾಗ್ಲಿಲ್ವಾ?" ಪೈಲಟ್ ಸಿಡಿದ. "ಅಕ್ಕಪಕ್ಕ ಯಾರೂ ಇರ್ಲಿಲ್ವಾ? ಬಾಯಿಲ್ವಾ ನಿನಗೆ, ಕೇಳೋಕೆ?"

ಅವಳು ಫೋನನ್ನು ಕಿವಿಯಿಂದ ತೆಗೆದು ಅದನ್ನೇ ನೋಡಿದಳು. ಬಾಯಿಯನ್ನು ಮೂವತ್ತು ವರ್ಷ ಒತ್ತಿ ಹಿಡಿದವನೇ ಅದೆಲ್ಲಿ ಹೋಯಿತೆಂದು ಕೇಳುತ್ತಿದ್ದ.

ಆಮೇಲೆ ಅಕ್ಕನಿಗೆ ಫೋನು ಮಾಡಿ ವಿಮಾನ ತಪ್ಪಿದ್ದನ್ನು ಹೇಳಿದಳು.

"ಫೋನಲ್ಲೇ ಹೇಳಕ್ಕಾ, ನಿನ್ನ ದಮ್ಮಯ್ಯ."

"ನಾಲ್ಕು ಜನ ನಿಂತಿದ್ದಾರೆ ಇಲ್ಲಿ. ನೀನೂ ಸಂತೆಯಲ್ಲಿ ನಿಂತ ಹಾಗೆ ನಿಂತಿದ್ದೀಯ. ಬಿಡು," ಎಂದಳು ಅಕ್ಕ. "ಅಳ್ಬೇಡ ಪಿಟೀಲು. ಏನಾದ್ರೂ ತಿಂದ್ಕೊಂಡು ಬಾ."

ಅವಳು ಕೇಳಿದ ಅಕ್ಕನ ಕೊನೆಯ ಮಾತು ಅದೇ.

ಮೂರನೆಯ ದಿನ ಅಕ್ಕ ದಿಂಬಿಗೆ ಒರಗಿ ಕೂತಳು. ಕುತ್ತಿಗೆಯ ತೂತಿನಲ್ಲಿ ನಳಿಗೆ, ಉಸಿರೆಲ್ಲ ಅಲ್ಲಿಂದಲೇ. ನರ್ಸು ಕೊಟ್ಟ ಬಿಳಿ ಹಲಗೆಯ ಮೇಲೆ, ಪಾಠ ಹೇಳುವವರ ದುಂಡನೆಯ ಅಕ್ಷರದಲ್ಲಿ, ನಿಧಾನವಾಗಿ ಬರೆದಳು: ನಾಲ್ಕು ವಿಷಯ ತಿಳಿದವನು, ಇವನನ್ನೇ ಮದುವೆಯಾಗು ಅಂತ ನಿನಗೆ ಹೇಳಿದವಳು ನಾನು. ನೀನು ಬೇಡ ಅಂದಿದ್ದೆ. ನನ್ನದು ತಪ್ಪಾಯಿತು.

ತಂಗಿ ಎರಡು ಸಲ ಓದಿದಳು. ತಿದ್ದುವಂಥದ್ದು ಏನೂ ಇರಲಿಲ್ಲ. ಈ ಒಂದು ಮಾತನ್ನು ಆ ದೊಡ್ಡ ದನಿಯಲ್ಲಿ ಕೇಳಿದ್ದರೆ ಮೂವತ್ತು ವರ್ಷದ ಅಳುವನ್ನು ಒಂದೇ ಸಲಕ್ಕೆ ಅತ್ತು ಮುಗಿಸುತ್ತಿದ್ದಳು. ಹಲಗೆಯ ಎದುರು ಅಳು ಬರಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಪಕ್ಕದ ಮಂಚದವರಿಗೂ ಕೇಳುವ ಹಾಗೆ ಪೈಲಟ್ ಮಾತಾಡಿದ: "ಪಟ್ಟಿಗೆ ಮೂವತ್ತೆರಡನೆಯದು ಸೇರಿಸಿದ್ದೀನಿ. ಗೊತ್ತಾಗದಿದ್ರೆ ನಾಚಿಕೆ ಬಿಟ್ಟು ಪಕ್ಕದವರನ್ನ ಕೇಳೋದು. ನಿನ್ನ ಕಥೆ ಹೇಳಿದ್ರೆ ಸಭೆಯಲ್ಲಿ ಎಲ್ರೂ ನಕ್ಕಿದ್ದೇ ನಕ್ಕಿದ್ದು!"

ಅವಳು ಮಾತಿನ ಮಧ್ಯದಲ್ಲೇ ಕತ್ತರಿಸಿದಳು. ಆಮೇಲೆ, ವಿಮಾನ ಹತ್ತಿದ ಮೇಲೆ ಮಾಡಬೇಕೆಂದು ಇಪ್ಪತ್ತೆರಡನೆಯ ಸೂಚನೆಯಲ್ಲಿ ಹೇಳಿದ್ದ ಹಾಗೆ, ಫೋನನ್ನು ಯಾವ ಕರೆಯೂ ಬಾರದ ಏರೋಪ್ಲೇನ್ ಮೋಡ್‌ಗೆ ಹಾಕಿ, ಪರದೆಯನ್ನು ಅಕ್ಕನಿಗೆ ತೋರಿಸಿದಳು.

ಅಕ್ಕನ ಭುಜ ಕುಲುಕತೊಡಗಿತು. ಕಣ್ಣು ಸಣ್ಣಗಾದವು, ಬಾಯಿ ಅಗಲವಾಗಿ ತೆರೆಯಿತು. ನಗುತ್ತಿದ್ದಾಳೆಂದು ತಂಗಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಅವಳು ಮಂಚಕ್ಕೆ ಬಗ್ಗಿ, ಮುಖದ ಹತ್ತಿರ ಕಿವಿ ಒಯ್ದಳು. ನಳಿಗೆಯಲ್ಲಿ ಗಾಳಿ ಆಡುವ ಸದ್ದಷ್ಟೇ ಕೇಳಿಸಿತು.