ಕೆಂಪಾಗಿಯೇ ಉಳಿದ ಚೌಕ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ, ನನಗೇನೂ ಬೇಸರವಿಲ್ಲ. ಆ ಮೇ ತಿಂಗಳ ಮಧ್ಯಾಹ್ನ ಈ ಶರ್ಮಿಳಾ ಸಿಟ್ಟು ಮಾಡದೆ ಒಳ್ಳೆಯ ಹುಡುಗಿಯ ಹಾಗೆ ಕೂತಿದ್ದರೆ ಏನಾಗುತ್ತಿತ್ತು ಎಂದು ಅವರೂ ಒಮ್ಮೆ ಯೋಚಿಸಲಿ.

ಎರಡು ಸಾವಿರದ ಆರನೇ ಇಸವಿ. ಮಣಿಪಾಲದಲ್ಲಿ ನಮ್ಮದು ಸಣ್ಣ ಕಂಪೆನಿ. ಮಲ್ಪೆಯ ಮೀನುಗಾರರ ಸೊಸೈಟಿಯೊಂದಕ್ಕೆ ನಾವು ಎಸ್ಸೆಮ್ಮೆಸ್ ಸೇವೆ ಕೊಡುತ್ತಿದ್ದೆವು. ಗಾಳಿಮಳೆಯ ಮುನ್ಸೂಚನೆ ಬಂದ ಕೂಡಲೇ ಎಲ್ಲ ಬೋಟಿನವರ ಮೊಬೈಲಿಗೂ ಸಂದೇಶ ಹೋಗಬೇಕು. ಸೇವೆ ಸರಿಯಾಗಿ ನಡೆಯುತ್ತಿದೆಯಾ ಎಂದು ನೋಡಲು ಒಂದು ಮಾನಿಟರಿಂಗ್ ಸಾಫ್ಟ್‌ವೇರ್ ಇತ್ತು. ಪರದೆಯ ಮೇಲೆ ಒಂದೊಂದು ಬೋಟಿಗೂ ಒಂದೊಂದು ಚೌಕ. ಸಂದೇಶ ಫೋನಿಗೆ ಮುಟ್ಟಿದರೆ ಚೌಕ ಹಸಿರು, ಮುಟ್ಟದಿದ್ದರೆ ಕೆಂಪು. ನಮ್ಮ ಸೇವೆಯ ಅಳತೆ ಅಷ್ಟೇ. ಆ ಪರದೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ ಒಂದು ಚೌಕ ನನ್ನ ಸೋದರಮಾವ ಬೂಬಮಾವನ ಬೋಟಿನದು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು ಅವರೇ.

ಅಂದು ಸಂಜೆ ಸೊಸೈಟಿಯ ಅಧ್ಯಕ್ಷ ಮುದ್ದಣ್ಣನವರು ಪರದೆ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಒಪ್ಪಂದ ಮುಂದುವರಿಯುತ್ತದೆ. ನಮ್ಮ ಆಲ್ಫೋನ್ಸ್ ಸರ್ ಬೆಳಿಗ್ಗೆಯಿಂದ ಹೊಸ ಅಂಗಿ ಹಾಕಿಕೊಂಡು ಮದುವೆಮನೆಯ ಯಜಮಾನರ ಹಾಗೆ ಓಡಾಡುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಬಿರುಗಾಳಿಯ ಮುನ್ಸೂಚನೆ ಬಂತು, ಸಂದೇಶ ಹೊರಟಿತು. ನೋಡನೋಡುತ್ತ ಇಡೀ ಪರದೆ ಹಸಿರಾಯಿತು. ಸರ್ ನನ್ನ ಮೇಜಿಗೆ ಒಂದು ಪ್ಲೇಟ್ ಬನ್ಸ್ ತರಿಸಿಕೊಟ್ಟರು.

ಬನ್ಸ್ ತಿನ್ನುತ್ತ, ಸ್ವಲ್ಪ ಜಂಬ ಕೊಚ್ಚಿಕೊಳ್ಳೋಣ ಎಂದು ಬೂಬಮಾವನ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಹೆಂಡತಿ ನಳಿನಾಕ್ಷಿ ಮಾಮಿ. ಮಾವ ಮನೆಗೆ ಬಂದರಾ ಎಂದು ಕೇಳಿದೆ.

"ಎಲ್ಲಿಂದ ಬರುವುದು ಮಾರಾಯ್ತಿ? ಬೆಳಿಗ್ಗೆ ಕಡಲಿಗೆ ಹೋದವರು," ಎಂದರು ಮಾಮಿ. "ಫೋನು ಇಲ್ಲೇ ಉಂಟು. ಉಪ್ಪುನೀರಿಗೆ ಯಾರಾದರೂ ಮೊಬೈಲು ತೆಗೆದುಕೊಂಡು ಹೋಗುತ್ತಾರಾ?"

ಯಾರೂ ತೆಗೆದುಕೊಂಡು ಹೋಗುವುದಿಲ್ಲ. ಮಲ್ಪೆಯ ಮನೆಗಳಲ್ಲಿ ಆಗ ಮನೆಗೊಂದೇ ಮೊಬೈಲು. ಅದು ದೇವರ ಪಟದ ಪಕ್ಕ ಚಾರ್ಜಿಗೆ ಕೂತಿರುತ್ತದೆ. ಬೋಟಿನವರ ನಂಬರ್ ಕೊಡಿ ಎಂದು ನಾವು ಕೇಳಿದಾಗ ಎಲ್ಲರೂ ಪ್ರಾಮಾಣಿಕವಾಗಿ ಅದೇ ನಂಬರ್ ಕೊಟ್ಟಿದ್ದರು. ಫೋನ್ ಎಲ್ಲಿರುತ್ತದೆ ಎಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಸಂದೇಶವೋ ಇಂಗ್ಲಿಷಿನಲ್ಲಿ. ಕಂಪೆನಿಯವರ ಎಂತದೋ ಜಾಹೀರಾತು ಎಂದುಕೊಂಡು ಮಾಮಿ ಅದನ್ನು ತೆರೆದೂ ನೋಡಿರಲಿಲ್ಲ. ಮೊದಲು ಮೀನು ಇಳಿಸುವ ದಕ್ಕೆಯ ವಯರ್‌ಲೆಸ್ ಕೋಣೆಯಿಂದ ಬೋಟುಗಳಿಗೆ ಕೂಗಿ ಹೇಳುವ ಕ್ರಮವಿತ್ತು. ನಮ್ಮ ಸೇವೆ ಶುರುವಾದ ಮೇಲೆ, ಎಲ್ಲರಿಗೂ ಮೆಸೇಜ್ ಹೋಗುತ್ತದಲ್ಲ ಎಂದು ಅವರೂ ಅದನ್ನು ನಿಲ್ಲಿಸಿದ್ದರು.

ಮಾಮಿಗೆ ಎರಡೇ ಮಾತಿನಲ್ಲಿ ವಿಷಯ ಹೇಳಿದೆ. ಫೋನ್ ಹಿಡಿದುಕೊಂಡೇ ದಕ್ಕೆಗೆ ಓಡಿ, ವಯರ್‌ಲೆಸ್‌ನಲ್ಲಿ ಕೂಗಿಸಿ, ಯಾವ ಬೋಟು ಉತ್ತರ ಕೊಟ್ಟಿತು ಎಂದು ಒಂದೊಂದಾಗಿ ನನಗೆ ತಿಳಿಸಿ ಎಂದೆ. ಅವರು ಓಡಿದರು.

ಪರದೆಯನ್ನು ನೋಡಿದೆ. ಇನ್ನೂ ಹಸಿರು. ಮೈಯೆಲ್ಲ ಉರಿದುಹೋಯಿತು. ಸಾಫ್ಟ್‌ವೇರಿನ ಸೆಟ್ಟಿಂಗ್ ತೆರೆದು ಹಳೆಯ ಅಳತೆಯನ್ನು ಅಳಿಸಿದೆ. ಫೋನಿಗೆ ಮುಟ್ಟಿದರೆ ಸಾಲದು, ಬೋಟಿನಿಂದ ಉತ್ತರ ಬಂದರೆ ಮಾತ್ರ ಹಸಿರು ಎಂದು ಹೊಸದನ್ನು ಹಾಕಿದೆ. ಸೇವ್ ಒತ್ತಿದ್ದೇ ತಡ, ಪರದೆ ಪೂರ್ತಿ ಕೆಂಪಾಯಿತು.

ಆಲ್ಫೋನ್ಸ್ ಸರ್ ಓಡಿಬಂದು ತಲೆ ಮೇಲೆ ಕೈಹೊತ್ತು ನಿಂತರು. ಒಪ್ಪಂದದಲ್ಲಿ ಬರೆದ ಅಳತೆಯನ್ನು ನೀನು ಹೇಗೆ ಬದಲಾಯಿಸಿದೆ, ಮುದ್ದಣ್ಣನವರು ಬರುವ ಹೊತ್ತಾಯಿತು, ಮೊದಲಿದ್ದ ಹಾಗೆ ಮಾಡು, ನಾಳೆ ಮಾತಾಡೋಣ ಎಂದರು. ಅವರು ಕೆಟ್ಟವರಲ್ಲ, ಪಾಪ. ಆದರೆ ನನಗೆ ಆಗ ಯಾರ ಮೇಲೂ ಕರುಣೆ ಇರಲಿಲ್ಲ. ಬೇಕಾದರೆ ಕೆಲಸದಿಂದ ತೆಗೆಯಿರಿ, ಕೀಬೋರ್ಡ್ ಮುಟ್ಟಲು ಬಿಡುವುದಿಲ್ಲ ಎಂದೆ.

ಮಾಮಿ ಫೋನಿನಲ್ಲಿ ಬೋಟುಗಳ ಹೆಸರು ಹೇಳುತ್ತ ಹೋದರು, ನಾನು ಹಸಿರು ಮಾಡುತ್ತ ಹೋದೆ. ಮುದ್ದಣ್ಣನವರು ಒಳಗೆ ಬರುವಾಗ ಅರ್ಧ ಪರದೆ ಇನ್ನೂ ಕೆಂಪಾಗಿಯೇ ಇತ್ತು. ಇದೆಂತ ಎಂದು ಅವರು ಕೇಳಿದರು. ಸರ್ ತಡವರಿಸಿದರು, ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುದ್ದಣ್ಣನವರು ಮೊದಲು ಸಮುದ್ರಕ್ಕೆ ಹೋಗುತ್ತಿದ್ದವರು. ಒಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು.

ಕೊನೆಗೆ ಒಂದೇ ಚೌಕ ಕೆಂಪಾಗಿ ಉಳಿಯಿತು.

"ಅದು ಯಾರದ್ದು?"

"ನನ್ನ ಮಾವನದ್ದು," ಎಂದೆ.

ವಯರ್‌ಲೆಸ್‌ನವರು ಎಷ್ಟು ಕೂಗಿದರೂ ಬೂಬಮಾವನ ಬೋಟಿನಿಂದ ಉತ್ತರವಿಲ್ಲ. ಕಿಟಕಿಯ ಹೊರಗೆ ಪಶ್ಚಿಮದ ಕಡೆ ಆಕಾಶ ಕಪ್ಪಾಗಿತ್ತು. ಮರಗಳು ಬಾಗಿ ಏಳುತ್ತಿದ್ದವು. ನನಗೆ ಹೆದರಿಕೆಯಾಗಿತ್ತು, ಬರೀ ಹೆದರಿಕೆ. ಆಲ್ಫೋನ್ಸ್ ಸರ್ ನೀರು ತಂದುಕೊಟ್ಟು ನನ್ನ ಕುರ್ಚಿಯ ಹಿಂದೆಯೇ ನಿಂತುಬಿಟ್ಟರು. ಮೊದಲಿದ್ದ ಹಾಗೆ ಮಾಡು ಎಂದು ಅವರು ಮತ್ತೆ ಹೇಳಲಿಲ್ಲ.

ಕತ್ತಲಾಗುವ ಮೊದಲು ಫೋನಿನಲ್ಲಿ ಬೂಬಮಾವನ ಸ್ವರ ಕೇಳಿತು. ದಕ್ಕೆಗೆ ಈಗಷ್ಟೇ ಮುಟ್ಟಿದ್ದರು. ಅವರ ವಯರ್‌ಲೆಸ್ ಬೆಳಿಗ್ಗೆಯೇ ಕೆಟ್ಟುಹೋಗಿತ್ತಂತೆ. ಸುತ್ತಲಿನ ಬೋಟುಗಳೆಲ್ಲ ಮೀನು ಬಿಟ್ಟು ತಿರುಗುವುದನ್ನು ಕಂಡು, ಏನೋ ಉಂಟು ಎಂದು ಅವರೂ ತಿರುಗಿಸಿದ್ದರು.

"ನಿನ್ನ ಮೆಸೇಜು ಬಂದಿದೆ ಮಗಾ," ಎಂದರು. "ಈಗ ನೋಡಿದೆ."

ನಾನು ಎಲ್ಲರ ಎದುರೇ ಅತ್ತೆ. ಕಣ್ಣೊರೆಸಿಕೊಂಡು ಆ ಚೌಕವನ್ನೂ ಹಸಿರು ಮಾಡಲು ಕೈಚಾಚಿದೆ. ಮುದ್ದಣ್ಣನವರು ಬೇಡ ಎಂದು ತಡೆದರು.

"ಅವನು ಬಂದದ್ದು ಅವನ ಪುಣ್ಯ, ನಾವು ಮುಟ್ಟಿಸಿದ್ದಲ್ಲ. ಅದು ಕೆಂಪೇ ಇರಲಿ."

ನಾನು ಕೈ ಹಿಂದೆ ತೆಗೆದೆ. ಬೂಬಮಾವ ದಕ್ಕೆಯಲ್ಲಿ ನಿಂತು ಚಾ ಕುಡಿಯುತ್ತಿದ್ದರು, ನನ್ನ ಪರದೆಯಲ್ಲಿ ಕೆಂಪಗಿದ್ದರು. ಮಧ್ಯಾಹ್ನ ಏನೂ ತಿಳಿಯದೆ ಕಡಲಿನ ನಡುವೆ ಬಲೆ ಎಳೆಯುತ್ತಿದ್ದಾಗ ಅವರು ಹಸಿರಾಗಿದ್ದರು.