ಮೂವತ್ತೈದು ಪರ್ಸೆಂಟು

ಮೂರು ವರ್ಷದ ಮಗುವಾಗಿದ್ದಾಗ ಬಂದ ಜ್ವರ ಪ್ರಮೀಳಾಳ ಎಡಗಾಲನ್ನು ಸೊರಗಿಸಿ ಹೋಗಿತ್ತು. ತೊಣ್ಣೂರಿನ ಬೀದಿಯಲ್ಲಿ ಕುಂಟಿ ಅನ್ನಿಸಿಕೊಳ್ಳಬಾರದೆಂದು ಅವಳು ಚಿಕ್ಕಂದಿನಲ್ಲೇ ತನ್ನದೇ ಒಂದು ನಡಿಗೆ ಕಲಿತಳು. ಮೊದಲು ಲಂಗದ, ಆಮೇಲೆ ಸೆರಗಿನ ಮರೆಯಲ್ಲಿ ಎಡಗೈಯನ್ನು ತೊಡೆಯ ಮೇಲಿಟ್ಟು, ಮಂಡಿಯನ್ನು ಹಿಂದಕ್ಕೆ ಒತ್ತಿ ಹಿಡಿದು, ಮೈ ವಾಲದಂತೆ ಹೆಜ್ಜೆ ಹಾಕುವುದು. ಸಂಜೆಯಾಗುವಷ್ಟರಲ್ಲಿ ಸೊಂಟ ಸಿಡಿಯುತ್ತಿತ್ತು. ಆದರೂ ಹೊಸಬರು ನೋಡಿದರೆ ಕಾಲಿಗೆ ಮುಳ್ಳು ಚುಚ್ಚಿರಬೇಕು ಅಂದುಕೊಳ್ಳುತ್ತಿದ್ದರು, ಅಷ್ಟೆ.

ಪಿಯುಸಿ ಮುಗಿಸಿ, ಪಾಂಡವಪುರಕ್ಕೆ ಎರಡು ವರ್ಷ ಬಸ್ಸಿನಲ್ಲಿ ಓಡಾಡಿ ಕನ್ನಡ ಟೈಪಿಂಗಿನಲ್ಲಿ ಸೀನಿಯರ್ ಪಾಸು ಮಾಡಿದ್ದಳು. ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ ಐದು ವರ್ಷವಾದರೂ ಒಂದು ಕಾಗದ ಬಂದಿರಲಿಲ್ಲ. ತೊಂಬತ್ತೇಳರಲ್ಲಿ ಅಲ್ಲಿನ ಗುಮಾಸ್ತ ತಿಮ್ಮರಾಜು ಅವಳನ್ನು ಕರೆದು ಹೇಳಿದ.

"ಹೊಸ ಕಾನೂನು ಬಂದದೆ ಕಣಮ್ಮ. ಅಂಗವಿಕಲರಿಗೆ ನೂರಕ್ಕೆ ಮೂರು ಕೆಲಸ. ಒಂದು ಟೈಪಿಸ್ಟ್ ಜಾಗನೂ ಖಾಲಿ ಐತೆ. ಡಾಕ್ಟ್ರ ಸರ್ಟಿಫಿಕೇಟು ತತ್ತಾ."

ಅಂಗವಿಕಲರನ್ನು ಪರೀಕ್ಷೆ ಮಾಡುವ ಕೋಣೆ ಆಸ್ಪತ್ರೆಯ ಮಹಡಿಯ ಮೇಲಿತ್ತು. ಪ್ರಮೀಳಾ ಕಂಬಿ ಹಿಡಿದು ಹತ್ತಿದಳು. ಎರಡೂ ಕಾಲಿಲ್ಲದ ಒಬ್ಬ ಹುಡುಗನನ್ನು ಅವನ ಅಪ್ಪ ಬೆನ್ನ ಮೇಲೆ ಹೊತ್ತು ತರುತ್ತಿದ್ದ. ಸರದಿ ಬಂದಾಗ ಡಾಕ್ಟರು, "ಆ ಗೋಡೆವರೆಗೂ ನಡೆದು ತೋರಿಸಿ" ಎಂದರು. ಹತ್ತು ಜನ ನೋಡುತ್ತಿದ್ದರು. ಪ್ರಮೀಳಾ ಜನ್ಮದಲ್ಲೇ ಅಷ್ಟು ನೆಟ್ಟಗೆ ನಡೆದಿರಲಿಲ್ಲ.

ಸರ್ಟಿಫಿಕೇಟು ನೋಡಿದ ತಿಮ್ಮರಾಜು ಹಣೆ ಚಚ್ಚಿಕೊಂಡ. "ಊನ ಮೂವತ್ತೈದು ಪರ್ಸೆಂಟು ಅಂತ ಬರ್ದವ್ರಲ್ಲಮ್ಮ! ನಲವತ್ತು ಇದ್ರೇನೆ ಕೋಟಾ. ಐದು ಕಮ್ಮಿ ಆಗೋಯ್ತು."

ಅದೇ ತಿಂಗಳು ಶ್ರೀರಂಗಪಟ್ಟಣದ ಒಂದು ಖಾಸಗಿ ಕಚೇರಿಯಿಂದ ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ಕೋಟಾ ಗೀಟಾ ಏನಿರಲಿಲ್ಲ. ಬಂದಿದ್ದ ಏಳು ಜನರಲ್ಲಿ ಎಲ್ಲರಿಗಿಂತ ಮೊದಲು, ಒಂದು ತಪ್ಪೂ ಇಲ್ಲದೆ ಟೈಪು ಮಾಡಿ ಮುಗಿಸಿದವಳು ಅವಳೇ. ಮ್ಯಾನೇಜರು ಹಾಳೆಯನ್ನು ಮೆಚ್ಚಿ ನೋಡಿದರು. ಅದನ್ನು ಕೊಡಲು ಎದ್ದುಬಂದವಳ ಕಾಲನ್ನೂ ನೋಡಿದರು.

"ಇಲ್ಲಿ ಮೇಲಕ್ಕೂ ಕೆಳಕ್ಕೂ ಫೈಲು ಹೊತ್ಕೊಂಡು ಓಡಾಡ್ಬೇಕಮ್ಮ. ನಿಮ್ಮಂಥವ್ರಿಗೆ ಅಂತ್ಲೇ ಸರ್ಕಾರ ಬೇರೆ ಕೋಟಾ ಮಾಡೈತಲ್ಲ, ಅಲ್ಲಿ ಕೇಳಿ."

"ಅಲ್ಲಿ ಕೇಳ್ದೆ ಸಾರ್. ನನ್ ಕಾಲು ಕೋಟಾಕ್ಕೆ ಸಾಲೋವಷ್ಟು ಕೆಟ್ಟಿಲ್ಲ ಅಂತಾರೆ."

ಮ್ಯಾನೇಜರು ಹಾಳೆಯನ್ನು ಪಕ್ಕಕ್ಕಿಟ್ಟರು. ಗಂಟೆ ಒತ್ತಿ ಮುಂದಿನವರನ್ನು ಕರೆಸಿದರು.

ಮನೆಯಲ್ಲಿ ಅವ್ವ ದೊಡ್ಡತಾಯಮ್ಮ ಎಲ್ಲವನ್ನೂ ಕೇಳಿಸಿಕೊಂಡು ಕೊಟ್ಟಿಗೆಗೆ ಹೋದಳು. ಮೂರನೆಯ ದಿನ ಹಸುವಿಗೆ ಹುಲ್ಲು ಹಾಕುತ್ತ, ಮಗಳ ಮುಖ ನೋಡದೆ ಅಂದಳು. "ಇನ್ನೊಂದ್ಸಲಿ ಓಗವ್ವ ಡಾಕ್ಟ್ರ ತಾವ್ಕೆ. ಒಸಿ ಕುಂಟ್ಕೊಂಡು ಓಗು."

ನೆಟ್ಟಗೆ ನಡಿ, ಜನ ನೋಡ್ತಾರೆ ಎಂದು ಇಪ್ಪತ್ತು ವರ್ಷ ಗದರಿದ್ದವಳೂ ಇದೇ ಅವ್ವ.

"ನಂಗೆ ನಾಟಕ ಬರಕಿಲ್ಲ ಕಣವ್ವ," ಎಂದಳು ಪ್ರಮೀಳಾ. ಆದರೂ ಎದ್ದು ಹಿತ್ತಲಿಗೆ ಹೋಗಿ, ತೊಡೆಯ ಮೇಲಿನ ಕೈ ತೆಗೆದು ಒಂದು ಹೆಜ್ಜೆ ಇಟ್ಟಳು. ನಾಟಕವೇನೂ ಬೇಕಾಗಲಿಲ್ಲ. ಮಂಡಿ ತಾನಾಗಿ ಕುಸಿಯಿತು, ಮೈ ಒಂದು ಕಡೆಗೆ ಬಾಗಿತು, ಬೀಳದಿರಲು ಅವಳು ಕೊಟ್ಟಿಗೆಯ ಗೂಟ ಹಿಡಿದುಕೊಂಡಳು. ದೊಡ್ಡತಾಯಮ್ಮ ಹುಲ್ಲು ಕೆಳಗಿಟ್ಟಳು. ಮಗಳ ಕಾಲು ಇಷ್ಟು ಸೋತಿದೆಯೆಂದು ಅವಳಿಗೂ ಗೊತ್ತಿರಲಿಲ್ಲ. "ಇಂಗಾ ಮಗ? ದಿನಾ ಇಂಗೇನಾ?" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಎರಡನೆಯ ಸಲ ತಾಯಿ ಮಗಳು ಇಬ್ಬರೂ ಹೋದರು. ಕೂತಿದ್ದದ್ದು ಅದೇ ಡಾಕ್ಟರು. ಪ್ರಮೀಳಾ ಕೈ ತೆಗೆದು ನಡೆದಳು. ಎರಡು ಹೆಜ್ಜೆಗೆ ವಾಲಿದಳು, ನಾಲ್ಕನೆಯದಕ್ಕೆ ಮೇಜು ಹಿಡಿದಳು. ಯಾರೋ ಹಿಂದಿನಿಂದ ಅಯ್ಯೋ ಅಂದರು. ಡಾಕ್ಟರು ಹಳೆಯ ಕಾಗದವನ್ನೂ ಅವಳನ್ನೂ ನೋಡಿದರು.

"ಹೋದ ತಿಂಗಳು ಚೆನ್ನಾಗಿ ನಡೆದಿದ್ರಲ್ಲ?"

"ಆಗ ಕಷ್ಟಪಟ್ಟು ನಡ್ದಿದ್ದೆ ಸಾರ್."

"ಈಗ ಕಷ್ಟಪಟ್ಟು ಕುಂಟ್ತಾ ಇದ್ದೀರ." ಅವರ ದನಿಯಲ್ಲಿ ಕೋಪವಿರಲಿಲ್ಲ, ಸುಸ್ತಿತ್ತು. "ದಿನಕ್ಕೆ ಇಂಥವ್ರನ್ನ ಎಷ್ಟು ಜನ ನೋಡ್ತೀನಿ ಗೊತ್ತೇನಮ್ಮ? ಬದಲಾಯಿಸೋಕೆ ಬರಲ್ಲ."

"ಇದೇ ನಿಜ ಸಾರ್," ಎಂದು ಹೇಳಬೇಕೆನಿಸಿತು ಅವಳಿಗೆ. ಆದರೆ ಅದನ್ನು ಇಷ್ಟು ವರ್ಷ ಸುಳ್ಳು ಮಾಡುತ್ತ ಬಂದವಳು ತಾನೇ. ಅವಳು ಕೈಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡಳು. ದೊಡ್ಡತಾಯಮ್ಮ ಮುಂದೆ ಬಂದು ಕೈಮುಗಿದಳು. "ದೇವ್ರಾಣೆ ಬುದ್ದಿ, ನನ್ ಮಗ ಸುಳ್ಳಾಡಕಿಲ್ಲ. ನಾನೇ ಅವಳ್ನ ಗದರಿ ಗದರಿ ಅಂಗೆ ನಡ್ಸಿದ್ದು." ಜವಾನ ಅವಳ ರಟ್ಟೆ ಹಿಡಿದು ಬಾಗಿಲಾಚೆ ನಿಲ್ಲಿಸಿದ.

ಆರು ತಿಂಗಳಾದ ಮೇಲೆ ತಿಮ್ಮರಾಜು ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಆ ಟೈಪಿಸ್ಟ್ ಕೆಲಸ ಯಾರಿಗೆ ಹೋಯಿತೆಂದು ಪ್ರಮೀಳಾ ಕೇಳಿದಳು.

"ಯಾರ್ಗೂ ಇಲ್ಲ," ಎಂದ ಅವನು, ಎತ್ತಲೋ ನೋಡುತ್ತ. "ಅಂಗವಿಕಲರಲ್ಲಿ ಟೈಪಿಂಗು ಬರೋರು ಯಾರೂ ಸಿಗ್ನಿಲ್ಲ ಅಂತ ಬರ್ದು ಖಾಲಿ ಬುಟ್ಟವ್ರೆ."

ತೊಣ್ಣೂರಿನ ಬಸ್ಸು ಬಂತು. ಜನ ನುಗ್ಗಿ ಸೀಟು ಹಿಡಿದರು. ಪ್ರಮೀಳಾ ಎಲ್ಲರೂ ಹತ್ತಿದ ಮೇಲೆ ಹತ್ತಿ, ಊರು ಬರುವವರೆಗೂ ನಿಂತೇ ಹೋದಳು.